ಒಡೆದ ಹಣ್ಣಿನ ಸಾರು

ಗುಡುಗು ಶುರುವಾಯಿತೆಂದರೆ ಅವರು ಹಿತ್ತಲ ಬಾಗಿಲು ಹಾಕಿ ಬಂದು ಒರಳುಕಲ್ಲಿನ ಮೇಲೆ ಕೂತುಬಿಡುತ್ತಿದ್ದರು. ಸಿಡಿಲು ಬಡಿದರೂ ಒರಳು ಅಲ್ಲಾಡುವುದಿಲ್ಲ, ಹಾಗಾಗಿ ಅದರ ಮೇಲೆ ಕೂತವರಿಗೂ ಏನೂ ಆಗುವುದಿಲ್ಲ ಎಂಬುದು ಅವರ ನಂಬಿಕೆ. ಬಸ್ಸೆಂದರೆ ಹೆದರಿಕೆ. ದಾವಣಗೆರೆಗೆ ಹೋಗುವುದಿದ್ದರೆ ಹಿಂದಿನ ದಿನದಿಂದಲೇ ಊಟ ಸೇರುತ್ತಿರಲಿಲ್ಲ. ಕರೆಂಟಿನ ಸ್ವಿಚ್ಚನ್ನು ಕೈಯಿಂದ ಮುಟ್ಟದೆ ಕೋಲಿನ ತುದಿಯಿಂದ ಒತ್ತುತ್ತಿದ್ದರು. ಫೋಟೋ ತೆಗೆಯುವವನು ಓಣಿಗೆ ಬಂದರೆ ಕದದ ಹಿಂದೆ ನಿಲ್ಲುತ್ತಿದ್ದರು. ಇಂಜೆಕ್ಷನ್ ಎಂಬ ಮಾತು ಕೇಳಿದರೆ ಸಾಕು, ರವಿಕೆಯ ತೋಳನ್ನು ಕೆಳಗೆ ಎಳೆದುಕೊಳ್ಳುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಚನ್ನಗಿರಿಗೆ ಬಂತು. ನಾನು ತರಗತಿಯಲ್ಲಿದ್ದೆ. ಜವಾನ ಬಂದು ಹೇಳಿದ. ಪಾಠ ನಿಲ್ಲಿಸಲಿಲ್ಲ, ಆದರೆ ಬೋರ್ಡಿನ ಮೇಲೆ ಏನು ಬರೆದೆನೋ ನನಗೆ ಗೊತ್ತಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಕಾಗದದ ಮೇಲೆ ಬಂದರೆ ಏನೋ ಆಗುತ್ತದೆ ಎಂದೂ ಅವರು ಹೆದರುತ್ತಿದ್ದರು. ರೇಷನ್ ಕಾರ್ಡಿನಲ್ಲಿ ಇದೆಯಲ್ಲ ಅಂದರೆ, "ಅದು ಸರ್ಕಾರದ್ದು, ಬಿಡು" ಅನ್ನುತ್ತಿದ್ದರು. ಇದು ಸರ್ಕಾರದ್ದಲ್ಲ. ಆದ್ದರಿಂದ ಬೇಡ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನನಗೆ ಜಗಳೂರಿನ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ನಾನು ಸೊಕ್ಕೆ ಕಡೆಯವಳು. ನಮ್ಮಪ್ಪ ಕುರಿ ಕಾಯುತ್ತಿದ್ದ. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಗಂಡಸರಲ್ಲೂ ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ, ಯಾಕೆಂದರೆ ಅದು ನನಗೆ ಪುಕ್ಕಟೆ ಬಂದದ್ದಲ್ಲ. ಮದುವೆ ಆಗಿತ್ತು. ನಮ್ಮ ಮನೆಯವರಿಗೆ ಹೊನ್ನಾಳಿಯಲ್ಲಿ ಗುಮಾಸ್ತರ ಕೆಲಸ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತಿದ್ದರು. ಉಳಿದ ದಿನ ನಾನೊಬ್ಬಳೇ.

ಮನೆ ಕೇಳಿಕೊಂಡು ಹೋದಾಗ ಅವರು ಬಾಗಿಲ ಸಂದಿಯಿಂದಲೇ ಮಾತಾಡಿದರು. ವಿಧವೆ. ಮಕ್ಕಳಿಲ್ಲ. ಹಣೆಯ ತುಂಬ ವಿಭೂತಿ, ಮೂಗಿನ ಕೆಳಗೆ ನಸ್ಯದ ಕಂದು ಗೆರೆ.

"ಯಾವ ಜನ?" ಎಂದರು.

"ಕುರಿ ಕಾಯೋರ ಮನೆ ಮಗಳು. ಬಿ.ಎ., ಬಿ.ಇಡಿ." ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಬೇಕಿದ್ದರೆ ಒಳಗೆ ಕರೆಯಲಿ, ಬೇಡವಾದರೆ ಕದ ಹಾಕಲಿ ಎಂದು.

ಅವರು ಓಣಿಯ ಎರಡೂ ಕಡೆ ನೋಡಿದರು. "ಓಣಿಯೋರು ಏನಂತಾರೋ ಅಂತ ಹೆದ್ರಿಕೆ ಕಣವ್ವ" ಎಂದರು. ಮತ್ತೆ ತಾವೇ, "ಆದ್ರೆ ಕರೆಂಟ್ ಬಿಲ್ ಬಂದಾಗ ಓದೋರು ಇಲ್ಲ. ಅದರಾಗೆ ಏನು ಬರದೈತೋ ಅಂತ ಅದಕ್ಕೂ ಹೆದ್ರಿಕೆ. ಬಾ ಒಳಗೆ" ಎಂದರು. ಒಂದು ಹೆದರಿಕೆ ಇನ್ನೊಂದನ್ನು ಸೋಲಿಸಿದ್ದರಿಂದ ನನಗೆ ಮನೆ ಸಿಕ್ಕಿತು.

ಮನೆಯ ಮುಂಭಾಗ ನನ್ನದು, ಹಿಂಭಾಗ ಅವರದು, ಹಿತ್ತಲು ಇಬ್ಬರದೂ. ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಆ ಗೋಡೆಯ ಮೇಲೆ ಇಟ್ಟರೆ ಎಲ್ಲ ಪದಾರ್ಥವೂ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು: ನಿಂಬೆಹಣ್ಣು, ಕರಿಬೇವು, ರೊಟ್ಟಿ, ಶೇಂಗಾ ಚಟ್ನಿ. ಈ ಕಡೆಯಿಂದ ಆ ಕಡೆಗೆ ಏನೂ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾಂಸ ಬೇಯುವುದು ಅವರಿಗೆ ಗೊತ್ತಿತ್ತು. ಅವರು ಲಿಂಗ ಕಟ್ಟಿದವರು. ಹಬ್ಬಕ್ಕೆ ಹೋಳಿಗೆ ಕೊಟ್ಟೆ. "ಹಲ್ಲು ನೋಯ್ತೈತೆ" ಎಂದರು. ಬೇಸಿಗೆಯಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಕೂತಾಗ ನೀರು ಕೊಟ್ಟೆ. "ಈಗ್ಲೇ ಕುಡ್ದು ಬಂದೆ" ಎಂದರು. ಒರಟಾಗಿ ಬೇಡ ಅಂದವರಲ್ಲ. ಆದರೆ ನಮ್ಮ ಮನೆಯ ಒಂದು ಲೋಟ ನೀರನ್ನೂ ಮುಟ್ಟಿದವರಲ್ಲ. ನನಗೆ ಅದು ಚುಚ್ಚುತ್ತಿತ್ತು. ಅವರ ಕರೆಂಟ್ ಬಿಲ್ ಓದಿ ಕೊಡುವಾಗ ಸ್ವಲ್ಪ ಜೋರಾಗಿಯೇ ಓದುತ್ತಿದ್ದೆ.

ಹಿತ್ತಲಲ್ಲಿ ಅವರು ಟೊಮೇಟೊ ಹಾಕಿದ್ದರು. ಒಂದು ಸಾಲು ಗಿಡ, ಹಳೆಯ ಸೀರೆಯ ಪಟ್ಟಿಯಿಂದ ಕೋಲಿಗೆ ಕಟ್ಟಿದ್ದು. ಕಾಯಿ ಚೆನ್ನಾಗಿಯೇ ಹಿಡಿಯುತ್ತಿತ್ತು. ಕೆಂಪಾಗುವ ಹೊತ್ತಿಗೆ ತೊಟ್ಟಿನ ಸುತ್ತ ಪಟಕ್ಕನೆ ಸೀಳುತ್ತಿತ್ತು. ಬೆಳಿಗ್ಗೆ ನೋಡಿದರೆ ಹಣ್ಣುಗಳೆಲ್ಲ ಬಾಯಿ ಬಿಟ್ಟುಕೊಂಡು ನಿಂತಿರುತ್ತಿದ್ದವು.

"ಯಾರ ಕಣ್ಣು ಬಿತ್ತೋ" ಎಂದು ಅವರು ಹಲುಬುತ್ತಿದ್ದರು. "ನೋಡು, ಚಾಕು ಹಾಕಿ ಕೊಯ್ದಂಗೆ ಐತೆ. ನಂಗೆ ಇದನ್ನ ನೋಡಾಕೇ ಹೆದ್ರಿಕೆ."

ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿಕೊಂಡು ಬಂದೆ. ಕಣ್ಣೂ ಅಲ್ಲ, ರೋಗವೂ ಅಲ್ಲ. ಗಿಡ ಬಹಳ ದಿನ ಒಣಗಿ ಆಮೇಲೆ ಒಮ್ಮೆಲೇ ನೀರು ಕುಡಿದರೆ ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ, ಅದಕ್ಕೇ ಒಡೆಯುತ್ತದೆ ಎಂದು ಅವರು ಹೇಳಿದರು. ಅದನ್ನೇ ಇವರಿಗೆ ಹೇಳಿದೆ. ದಿನಾ ಸ್ವಲ್ಪ ಸ್ವಲ್ಪ ಹಾಕಬೇಕಂತೆ ಎಂದೆ.

"ನಿಮ್ಮ ಮೇಷ್ಟ್ರು ಹೇಳೋದು ಖರೆ ಇರಬೋದು" ಎಂದರು. "ಆದ್ರೆ ನಲ್ಲೀಗೆ ದಿನಾ ಬಾ ಅಂತ ಯಾರು ಹೇಳಬೇಕು? ಅದು ಬಂದ ದಿನ ಗಿಡಕ್ಕೆ ಹಬ್ಬ. ಬರದೇ ಇದ್ರೆ ಉಪಾಸ. ನಮಗೂ ಹಂಗೇ ಅಲ್ಲೇನು?"

ಜಗಳೂರಿನಲ್ಲಿ ನಲ್ಲಿ ಯಾವ ದಿನ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಬಂದ ದಿನ ಅವರು ಕೊಡಪಾನಗಟ್ಟಲೆ ಹೊತ್ತು ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಅದಾದ ಮೇಲೆ ಹಣ್ಣು ಒಡೆಯುತ್ತಿತ್ತು. ಹಣ್ಣು ಒಡೆದ ದಿನ ಓಣಿಗೆ ಹಂಚಿಕೆ. ಗಟ್ಟಿ ಹಣ್ಣನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಅದು ವಾರ ಕೆಡುವುದಿಲ್ಲ. ಒಡೆದದ್ದು ನಾಳೆಗೆ ಹುಳಿಯುತ್ತದೆ, ನೊಣ ಮುತ್ತುತ್ತದೆ. ಅದಕ್ಕೆ ಮೊರದಲ್ಲಿ ಹಾಕಿಕೊಂಡು ಎದುರಿನ ದರ್ಜಿ ಮನೆಗೆ, ಮೂಲೆ ಮನೆಯ ಅಜ್ಜಿಗೆ, ನನಗೆ ಕೊಟ್ಟು ಬರುತ್ತಿದ್ದರು. "ಇವತ್ತೇ ಸಾರು ಮಾಡ್ರಿ" ಎಂದು ತಪ್ಪದೆ ಹೇಳುತ್ತಿದ್ದರು. ದರ್ಜಿಯ ಹೆಂಡತಿ ಬಾಯಿ ಜೋರು. "ಚೆಂದಾವೆಲ್ಲ ನಿಮಗೆ, ಹರಕು ಮುರುಕೆಲ್ಲ ನಮಗೆ ಏನ್ರೀ?" ಎಂದು ಕೆಣಕುತ್ತಿದ್ದಳು. "ಒಡೀದೇ ಇದ್ರೆ ನಿನ್ನ ಮನೆ ಕಡೆ ನಾನು ಯಾಕೆ ಬರ್ತಿದ್ದೆ?" ಎಂದು ಇವರೂ ಬಿಡುತ್ತಿರಲಿಲ್ಲ.

ನನಗೂ ಒಂದು ಭಯ ಇತ್ತು. ಅದನ್ನು ನಾನು ಯಾರಿಗೂ ತೋರಿಸುತ್ತಿರಲಿಲ್ಲ. ಮದುವೆಯಾದ ಮರುವರ್ಷ ನನಗೆ ಗರ್ಭ ಇಳಿದುಹೋಗಿತ್ತು. ಅದಾದ ಮೇಲೆ ಬಹಳ ದಿನ ಏನೂ ನಿಲ್ಲಲಿಲ್ಲ. ಆ ವರ್ಷ ಮತ್ತೆ ನಿಂತು, ಐದು ತುಂಬಿ ಆರಕ್ಕೆ ಬಿದ್ದಿತ್ತು. ಕೂಸು ಹೊಟ್ಟೆಯಲ್ಲಿ ಆಡಲು ಶುರುಮಾಡಿತ್ತು. ತರಗತಿಯಲ್ಲಿ ನಿಂತು ಪಾಠ ಮಾಡುವಾಗ ಒಳಗಿನಿಂದ ಒಂದು ಸಲ ಒದ್ದರೆ ನನಗೆ ಆ ದಿನ ಕಳೆಯಿತು ಎಂಬ ಧೈರ್ಯ. ಒದೆಯದಿದ್ದರೆ ಪಾಠದ ನಡುವೆಯೇ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಓದಿದವಳು, ಹೆದರಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವರಿಗೆ ಮಾತ್ರ ಹೇಗೋ ಗೊತ್ತಾಗಿತ್ತು. ಬೆಳಿಗ್ಗೆ ಗೋಡೆಯ ಮೇಲಿನಿಂದ ಮುಖ ತೂರಿಸಿ, "ಆಡ್ತಾ?" ಎನ್ನುತ್ತಿದ್ದರು. ನಾನು ಹೂಂ ಎಂದರೆ ಒಂದು ಚಿಟಿಕೆ ನಸ್ಯ ಏರಿಸಿ ಒಳಗೆ ಹೋಗುತ್ತಿದ್ದರು.

ಅದೊಂದು ಶನಿವಾರ. ಬೆಳಗಿನ ಶಾಲೆ. ನಾನು ಹೊರಡುವಾಗಲೇ ನಲ್ಲಿ ಬಂದಿದೆ ಎಂದು ಓಣಿಯಲ್ಲಿ ಗದ್ದಲ. ಅವರು ಕೊಡ ಹಿಡಿದು ಓಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಾನು ವಾಪಸು ಬಂದಾಗ ಗೋಡೆಯ ಮೇಲೆ ಒಡೆದ ಹಣ್ಣು ಇಟ್ಟಿದ್ದರು. ಎರಡು ದಿನದ ಹಿಂದೆ ಸುರಿದ ಮಳೆಗೆ ಬಾಯಿ ಬಿಟ್ಟವು. ತೆಗೆದುಕೊಂಡು, ಒಂದು ಚೂರು ನೀರು ತೋರಿಸಿ, ಹೆಚ್ಚಿ ಬೇಳೆಗೆ ಹಾಕಿದೆ. ಏನೋ ಸೀಮೆಎಣ್ಣೆಯ ವಾಸನೆ ಬಂದಂತಾಯಿತು. ಆದರೆ ಆ ದಿನಗಳಲ್ಲಿ ನನಗೆ ಎಲ್ಲದರಲ್ಲೂ ಸೀಮೆಎಣ್ಣೆಯದೇ ವಾಸನೆ. ಸ್ಟೋವ್ ಕೂಡ ಪಕ್ಕದಲ್ಲೇ ಉರಿಯುತ್ತಿತ್ತು. ಹಸಿವು ಜೋರಾಗಿತ್ತು. ಅನ್ನಕ್ಕೆ ಸಾರು ಹಾಕಿಕೊಂಡು ಊಟ ಮಾಡಿದೆ.

ತಟ್ಟೆ ತೊಳೆಯಲು ಹಿತ್ತಲಿಗೆ ಹೋದೆ. ಆಗ ಕಂಡಿತು. ಟೊಮೇಟೊ ಸಾಲಿನ ಕೊನೆಯಲ್ಲಿ ಒಂದು ಹೊಸ ಕೋಲು ನೆಟ್ಟಿತ್ತು. ಅದರ ತುದಿಗೆ ಹಳೆಯ ಬನೀನಿನ ಒಂದು ತುಂಡು ಕಟ್ಟಿತ್ತು. ಗಾಳಿಗೆ ಆಡುತ್ತಿತ್ತು.

ಬೇರೆ ಯಾರಾದರೂ ಅದನ್ನು ನೋಡಿ ಸುಮ್ಮನೆ ಹೋಗುತ್ತಿದ್ದರು. ನಾನು ಕುರಿ ಕಾಯುವವನ ಮಗಳು. ಹುಳ ಸಾಯಲು ಹೊಡೆಯುವ ಎಂಡ್ರಿನ್ ಔಷಧಿಗೆ ನಮ್ಮ ಕಡೆ ಜನ ಎಣ್ಣೆ ಅಂತಲೇ ಅನ್ನುವುದು. ಹತ್ತಿ ಹೊಲಕ್ಕೆ ಎಣ್ಣೆ ಹೊಡೆದರೆ ಬದುವಿನ ಮೇಲೆ ಹಿಂಗೆ ಒಂದು ಬಟ್ಟೆ ಕಟ್ಟುತ್ತಾರೆ. ಕುರಿಯವರು ದೂರದಿಂದಲೇ ನೋಡಿ ಮಂದೆಯನ್ನು ತಿರುಗಿಸಿಕೊಂಡು ಹೋಗಲಿ ಎಂದು. ನಾನು ಚಿಕ್ಕವಳಿದ್ದಾಗ ಒಮ್ಮೆ ಗಾಳಿಗೆ ಬಟ್ಟೆ ಬಿದ್ದುಹೋಗಿತ್ತು. ಅಪ್ಪನಿಗೆ ಕಾಣಲಿಲ್ಲ. ಆ ಕುರಿಗಳು ಹೇಗೆ ಬಿದ್ದು ಕಾಲು ಝಾಡಿಸಿದವು, ಬಾಯಿಂದ ಹೇಗೆ ನೊರೆ ಬಂತು, ಒಂದು ಗಬ್ಬದ ಕುರಿಯ ಹೊಟ್ಟೆ ಹೇಗೆ ಏರಿ ಇಳಿದು ನಿಂತಿತು, ಎಲ್ಲ ನೋಡಿದ್ದೇನೆ. ತಟ್ಟೆ ಕೈಯಿಂದ ಜಾರಿತು.

"ಅಮ್ಮಾರೇ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಆ ಬಟ್ಟೆ ಯಾರು ಕಟ್ಟಿದ್ದು?"

ಅವರು ನಗುತ್ತಲೇ ಹೊರಗೆ ಬಂದರು. "ನನ್ನ ತಮ್ಮ. ಬಿಳಿಚೋಡಿನೋನು. ನಾನು ನಲ್ಲೀಗೆ ಹೋದಾಗ ಬಂದಿದ್ನಂತೆ, ದರ್ಜಿ ಹೆಂಡ್ತಿ ನೋಡ್ಯಾಳೆ. ಹಣ್ಣಿಗೆ ಕಣ್ಣು ಬೀಳ್ತೈತೆ ಅಂತ ಹೋದ ವಾರ ಅವನ ಮುಂದೆ ಅತ್ತಿದ್ದೆ. ಪಾಪ, ದೃಷ್ಟಿಗೆ ಬಟ್ಟೆ ಕಟ್ಟಿ ಹೋಗ್ಯಾನೆ."

"ದೃಷ್ಟಿಗಲ್ಲ" ಎಂದೆ. ಗೋಡೆ ಹಿಡಿದುಕೊಂಡು ನಿಂತೆ. "ಎಣ್ಣೆ ಹೊಡೆದಾನೆ. ಹತ್ತಿ ಎಣ್ಣೆ. ನಾನು ಉಂಡಾಯ್ತು."

ಅವರು ಒಂದು ಹಣ್ಣು ಕಿತ್ತು ಮೂಗಿಗೆ ಹಿಡಿದರು. ನಸ್ಯ ಏರಿಸಿ ಏರಿಸಿ ಅವರ ಮೂಗಿಗೆ ವಾಸನೆ ಎಂಬುದೇ ತಿಳಿಯುತ್ತಿರಲಿಲ್ಲ. ನನ್ನ ಮೂಗಿಗೆ ಹಿಡಿದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಕೂತುಬಿಡುತ್ತಾರೆ ಎಂದುಕೊಂಡೆ. ಕೂರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಓಣಿಗೆ ಓಡಿದರು. ಬಾಗಿಲ ಆಚೆಯಿಂದ ಅವರ ದನಿ ಕೇಳುತ್ತಿತ್ತು: "ಚೆಲ್ರೀ! ಒಲೆ ಮೇಲಿಂದ ಇಳಿಸಿ ಚೆಲ್ರೀ! ಯಾರೂ ಬಾಯಿಗಿಡಬ್ಯಾಡ್ರಿ!" ದರ್ಜಿ ಮನೆಯಲ್ಲಿ ಸಾರು ಕುದಿಯುತ್ತಿತ್ತು, ಪಾತ್ರೆ ಸಮೇತ ಚರಂಡಿಗೆ ಸುರಿದರಂತೆ. ಮೂಲೆ ಮನೆಯ ಅಜ್ಜಿ ಇನ್ನೂ ಹೆಚ್ಚಿರಲಿಲ್ಲ. ಉಂಡವಳು ನಾನೊಬ್ಬಳೇ.

ಅವರು ವಾಪಸು ಬಂದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಒಳಗೆ ಏನೂ ಅಲ್ಲಾಡುತ್ತಿರಲಿಲ್ಲ.

"ಆಡ್ತಾ?" ಎಂದರು.

ಇಲ್ಲ ಎಂದು ತಲೆಯಾಡಿಸಿದೆ.

"ಏಳು. ದವಾಖಾನೆಗೆ ಹೋಗನ."

ರಟ್ಟೆ ಹಿಡಿದು ಎಬ್ಬಿಸಿ ಬಾಗಿಲವರೆಗೆ ತಂದರು. "ಇಲ್ಲೇ ನಿಂತಿರು, ಸ್ಟೋವ್ ಆರ್ಸಿ ಬರ್ತೀನಿ" ಎಂದು ಒಳಗೆ ಹೋದರು. ಸ್ಟೋವ್ ನಾನು ಆಗಲೇ ಆರಿಸಿದ್ದೆ. ಅದನ್ನು ಹೇಳುವ ಮೊದಲೇ ಅವರು ಒಳಗಿದ್ದರು. ಒಳಗೆ ಪಾತ್ರೆಯ ಸದ್ದಾಯಿತು. ಅವರು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನ ಕೈ ಹಿಡಿದರು.

ದವಾಖಾನೆಯಲ್ಲಿ ಡಾಕ್ಟರು ಊಟಕ್ಕೆ ಹೋಗಿದ್ದರು. ಕರೆಸಿದರು. ಅವರು ಬಂದು ಕಣ್ಣು ನೋಡಿ, ನಾಡಿ ನೋಡಿ, ಯಾವ ಔಷಧಿ ಎಂದು ಕೇಳಿದರು. ಹತ್ತಿಗೆ ಹೊಡೆಯುವ ಎಣ್ಣೆ, ಎಂಡ್ರಿನ್ ಇರಬೇಕು ಎಂದೆ. ಎಷ್ಟು ಹೊತ್ತಾಯಿತು, ಎಷ್ಟು ತಿಂದಿರಿ, ತೊಳೆದಿದ್ದಿರಾ ಎಂದು ಕೇಳಿದರು. ಅವರ ಮುಖ ಪ್ರಶ್ನೆಯಿಂದ ಪ್ರಶ್ನೆಗೆ ಸಣ್ಣದಾಗುತ್ತ ಹೋಯಿತು.

"ಇದಕ್ಕೆ ಇದೇ ಮದ್ದು ಅಂತ ಇಲ್ಲಮ್ಮ. ಕೈಕಾಲು ಸೆಳೆಯೋದು, ಅದುರೋದು ಆದ್ರೆ ತಕ್ಷಣ ಹೇಳಿ, ಇಂಜೆಕ್ಷನ್ ಕೊಡ್ತೀನಿ. ಸಂಜೆವರೆಗೂ ಇಲ್ಲೇ ಕೂರಬೇಕು."

"ಕೂಸು?" ಎಂದೆ.

ಅವರು ಪೆನ್ನು ತೆಗೆದರು. "ಇನ್ನು ಯಾರ್ಯಾರು ತಿಂದಿದ್ದಾರೆ?" ಎಂದು ಕೇಳಿದರು.

"ನಾನು" ಎಂದರು ನನ್ನ ಪಕ್ಕದಲ್ಲಿದ್ದವರು.

ತಿರುಗಿ ನೋಡಿದೆ. "ನೀವು ಯಾವಾಗ ತಿಂದ್ರಿ?"

"ಈಗ. ಬರುವಾಗ." ಅವರು ನೆಲ ನೋಡುತ್ತಿದ್ದರು. "ನಿನ್ನ ಪಾತ್ರೇಲಿ ಉಳಿದಿತ್ತಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ವಿಷ ಅಂತ ಗೊತ್ತಾದ ಮೇಲೆ ಕುಡಿದ್ರಾ? ತಲೆ ಸರಿ ಐತೇನ್ರೀ ನಿಮಗೆ?"

"ಅವಳೊಬ್ಬಳೇ ಹೆಂಗೆ ಕಾಯ್ತಾಳ್ರೀ?" ಎಂದರು ಅವರು. ಬೈಸಿಕೊಂಡ ಮಗುವಿನ ದನಿಯಲ್ಲಿ ಅಂದರು. "ಅವಳ ಯಜಮಾನರು ಹೊನ್ನಾಳಿಯಿಂದ ಬರಬೇಕು. ಬಸ್ಸು ಸಂಜೆಗೆ."

ನಮ್ಮನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ನನಗೆ ಸಿಟ್ಟು ಬಂತು. ಅಳುವೂ ಬಂತು. ಹಬ್ಬದ ಹೋಳಿಗೆ ತಿನ್ನದವರು, ಬೇಸಿಗೆಯ ಬಿಸಿಲಿನಲ್ಲಿ ನಮ್ಮ ಮನೆಯ ಒಂದು ಲೋಟ ನೀರು ಕುಡಿಯದವರು, ನನ್ನ ಪಾತ್ರೆಗೆ ಬಾಯಿ ಹಚ್ಚಿ ಕುಡಿದದ್ದು ಇದನ್ನು. ಏನು ಮಾಡಿದಿರಿ, ಯಾಕೆ ಮಾಡಿದಿರಿ ಎಂದು ಕೇಳುತ್ತಲೇ ಇದ್ದೆ. ಅವರು ನಡುಗುತ್ತಿದ್ದರು. ಔಷಧಿಗೋ ಹೆದರಿಕೆಗೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ. ನನ್ನ ಕೈಯೂ ನಡುಗುತ್ತಿತ್ತು. ಯಾವುದು ಸೆಳೆತ, ಯಾವುದು ಬರೀ ಭಯ ಎಂದು ಹೇಗೆ ಗೊತ್ತುಮಾಡುವುದು? ಇಬ್ಬರೂ ನಮ್ಮ ನಮ್ಮ ಬೆರಳುಗಳನ್ನು ನೋಡುತ್ತ ಕೂತೆವು. ಎದುರಿಗೆ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು. ಅದು ಲೊಚಗುಟ್ಟಿದಾಗಲೆಲ್ಲ ಅವರು ನನ್ನ ಮಣಿಕಟ್ಟನ್ನು ಹಿಂಡುತ್ತಿದ್ದರು.

ನರ್ಸಮ್ಮ ಸಿರಿಂಜಿನ ಟ್ರೇ ಹಿಡಿದು ಎದುರಿಗೆ ಹಾದುಹೋದರು. ಇವರು ರವಿಕೆಯ ತೋಳು ಕೆಳಗೆ ಎಳೆದುಕೊಂಡರು. ಆಮೇಲೆ ಏನೋ ನೆನಪಾದವರಂತೆ ನನ್ನನ್ನು ನೋಡಿ, ತೋಳನ್ನು ತಾವೇ ಮೇಲಕ್ಕೆ ಸರಿಸಿಕೊಂಡು ಕೂತರು.

ಬಹಳ ಹೊತ್ತಿನ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು. "ಒಂದು ಮಾತು ಹೇಳ್ಲಾ? ಸಿಟ್ಟು ಮಾಡ್ಕೋಬ್ಯಾಡ."

"ಏನು?"

"ಸಾರಿಗೆ ಉಪ್ಪು ಮುಂದಾಗಿತ್ತು ಕಣವ್ವ."

ನಾನು ನಕ್ಕೆ. ನಗುತ್ತ ನಗುತ್ತಲೇ ಅಳು ಬಂತು. ಅಳುವಾಗ ಹೊಟ್ಟೆ ಕುಲುಕಿತು. ಹೊಟ್ಟೆ ಕುಲುಕಿದಾಗಲೂ ಒಳಗಿನಿಂದ ಏನೂ ಬರಲಿಲ್ಲ. ಮತ್ತೆ ಇಬ್ಬರೂ ಬೆರಳು ನೋಡತೊಡಗಿದೆವು.

ಬಿಸಿಲು ಬೆಂಚಿನಿಂದ ಇಳಿದು ಅಂಗಳಕ್ಕೆ ಹೋದ ಹೊತ್ತಿಗೆ ಅವರ ತಮ್ಮ ಓಡಿಕೊಂಡು ಬಂದ. ಎತ್ತರದ ಆಳು. ಹೆಗಲಿಗೆ ಔಷಧಿ ಹೊಡೆಯುವ ಪಂಪು. ಪೇಟೆಯಲ್ಲಿ ಅದನ್ನು ರಿಪೇರಿ ಮಾಡಿಸಿ, ಸರಿಯಾಗಿದೆಯೋ ಇಲ್ಲವೋ ನೋಡಲು ಅಕ್ಕನ ಹಿತ್ತಲಿಗೆ ಬಂದಿದ್ದ. ಹಣ್ಣು ಒಡೆಯುವುದನ್ನು ಅವನು ರೋಗ ಅಂದುಕೊಂಡಿದ್ದ. ಅಕ್ಕನ ಕಷ್ಟವೂ ಹೋಗಲಿ ಎಂದು ಹೊಡೆದಿದ್ದ. ಅವನ ಊರಿನಲ್ಲಿ ಬಟ್ಟೆ ಕಟ್ಟಿದ ಹೊಲಕ್ಕೆ ದನವೂ ಹೋಗುವುದಿಲ್ಲ. ಪೇಟೆಯಲ್ಲಿ ಬಟ್ಟೆಗೆ ಬೇರೆ ಅರ್ಥ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ದರ್ಜಿಯ ಹೆಂಡತಿ ಓಣಿಯ ಮಧ್ಯದಲ್ಲೇ ಅವನ ಮಾನ ಕಳೆದಿದ್ದಳಂತೆ.

"ಎಣ್ಣೆ ಎಷ್ಟು ಹಾಕಿದ್ದೆ?" ಎಂದು ಡಾಕ್ಟರು ಗದರಿದರು.

"ಹಾಕಿರ್ಲಿಲ್ಲ ಸಾಹೇಬ್ರೆ. ಪಂಪಿನ ತಳದಾಗೆ ಉಳಿದಿದ್ದಕ್ಕೆ ನೀರು ಬೆರೆಸಿ ಹೊಡೆದೆ. ತೊಳೆದ ನೀರು ಅನ್ರಿ." ಅವನು ನೆಲದ ಮೇಲೆ ಕೂತು ಅಕ್ಕನ ಪಾದ ಹಿಡಿದ. "ಅಕ್ಕ, ನಿನಗೆ ಹೇಳೇ ಹೋಗಬೇಕಿತ್ತು."

"ನನ್ನ ಕಾಲು ಬಿಡು" ಎಂದರು ಇವರು. "ಅವಳನ್ನ ನೋಡು. ಅವಳ ಹೊಟ್ಟೇಲಿರೋದನ್ನ ನೋಡು."

ತೊಳೆದ ನೀರು ಎಂದಾಗ ಡಾಕ್ಟರ ಮುಖ ಸ್ವಲ್ಪ ಸಡಿಲವಾಯಿತು. ಆದರೂ ಕೂತಿರಿ ಎಂದರು. ಸಂಜೆ ನಮ್ಮ ಮನೆಯವರು ಬಸ್ಸಿಳಿದು ಮನೆಗೆ ಹೋಗಿ, ಅಲ್ಲಿಂದ ಓಡುತ್ತ ಬಂದರು. ಅವರು ಬಂದು ನನ್ನ ಹೆಸರು ಹಿಡಿದು ಕೂಗಿದ್ದಕ್ಕೋ ಏನೋ, ಆಗ, ಎಡಗಡೆ ಪಕ್ಕೆಯ ಕೆಳಗೆ, ಒಂದು ಸಣ್ಣ ಒದೆ ಬಿತ್ತು. ನಾನು ಮನೆಯವರಿಗೆ ಹೇಳಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಇವರ ಕೈ ಎಳೆದು ಅಲ್ಲಿ ಇಟ್ಟೆ. ಅವರು ಉಸಿರು ಬಿಗಿಹಿಡಿದು ಕಾದರು. ಮತ್ತೊಂದು ಬಿತ್ತು.

"ಆಡ್ತು" ಎಂದರು. ಯಾರಿಗೋ ಸಾಕ್ಷಿ ಹೇಳುವವರ ಹಾಗೆ.

ಭಯ ಅಷ್ಟಕ್ಕೆ ಮುಗಿಯಲಿಲ್ಲ. ಕೈಕಾಲು ಸರಿಯಾಗಿ ಹುಟ್ಟುತ್ತದೋ ಇಲ್ಲವೋ, ಕಣ್ಣು ಕಾಣುತ್ತದೋ ಇಲ್ಲವೋ ಎಂದು ಹೆರಿಗೆಯವರೆಗೂ ನಾನು ಸೊರಗಿದೆ. ಡಾಕ್ಟರು ಏನೂ ಆಗಲಿಕ್ಕಿಲ್ಲ ಎಂದಿದ್ದರು. ಆ 'ಲಿಕ್ಕಿಲ್ಲ' ನನ್ನನ್ನು ತಿನ್ನುತ್ತಿತ್ತು. ಇವರು ದಿನಾ ಬೆಳಿಗ್ಗೆ ಗೋಡೆಯ ಮೇಲಿನಿಂದ ಮುಖ ತೂರಿಸಿ ಮೊದಲು ತಮ್ಮ ವರದಿ ಕೊಡುತ್ತಿದ್ದರು: "ನನಗೇನಾಗಿಲ್ಲ ನೋಡು. ತಲೆ ನೋಯ್ತಿಲ್ಲ, ಹೊಟ್ಟೆ ನೋಯ್ತಿಲ್ಲ. ಅದೇ ಸಾರು ಕುಡ್ದೋಳು ನಾನು. ನಿನ್ನ ಕೂಸಿಗೂ ಏನಾಗಿಲ್ಲ." ಅದರಲ್ಲಿ ತರ್ಕ ಇರಲಿಲ್ಲ. ಬಿ.ಎ. ಓದಿದವಳಿಗೆ ಅಷ್ಟೂ ಗೊತ್ತಿರಲಿಲ್ಲವೇ? ಆದರೂ ಬೆಳಿಗ್ಗೆ ಎದ್ದು ನಾನು ಕಾಯುತ್ತಿದ್ದದ್ದು ಆ ಮುಖಕ್ಕೆ.

ಇನ್ನೊಂದು ಬದಲಾವಣೆಯೂ ಆಯಿತು. ಆ ಶನಿವಾರದ ನಂತರ ನಮ್ಮ ಮನೆಯಲ್ಲಿ ಬೇಳೆ ಬೇಯುವ ವಾಸನೆ ಓಣಿಗೆ ಹೋದರೆ ಗೋಡೆಯ ಮೇಲೆ ಒಂದು ಖಾಲಿ ಬಟ್ಟಲು ಬಂದು ಕೂರುತ್ತಿತ್ತು. ನಾನು ಸಾರು ತುಂಬಿ ಇಡುತ್ತಿದ್ದೆ. ಓಣಿಯಲ್ಲಿ ಯಾರೋ ಕೇಳಿದರಂತೆ, ಅವರ ಮನೇದು ಉಣ್ತೀರೇನ್ರೀ ಎಂದು. "ವಿಷಾನೇ ದಕ್ಕಿಸ್ಕೊಂಡೀನಿ, ಸಾರು ದಕ್ಕದೇ ಇರ್ತೈತಾ?" ಎಂದರಂತೆ. ದರ್ಜಿಯ ಹೆಂಡತಿ ಈ ಮಾತನ್ನು ಊರೆಲ್ಲ ಹೇಳಿಕೊಂಡು ಬಂದಳು.

ಗಿಡಗಳಿಗೆ ನಾವು ದಾರಿ ಮಾಡಿದೆವು. ಬುಡಕ್ಕೆ ಒಣಹುಲ್ಲು ಹಾಸಿದೆವು. ಪಾತ್ರೆ ತೊಳೆದ, ಅಕ್ಕಿ ತೊಳೆದ ನೀರನ್ನು ಎರಡೂ ಮನೆಯಿಂದ ಕೂಡಿಸಿಟ್ಟು ದಿನಾ ಒಂದೊಂದು ತಂಬಿಗೆ ಹಾಕಿದೆವು. ನಲ್ಲಿ ಬಂದ ದಿನ ಸುರಿಯುವುದನ್ನು ಬಿಟ್ಟೆವು. ಬಣ್ಣ ತಿರುಗಿದ ಕೂಡಲೇ ಕಿತ್ತು ಒಳಗೆ ಬುಟ್ಟಿಯಲ್ಲಿ ಹಣ್ಣಾಗಲು ಇಟ್ಟೆವು. ಒಡೆಯುವುದು ಬಹಳ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ, ಮಳೆ ನಮ್ಮ ತಂಬಿಗೆಯ ಲೆಕ್ಕ ಕೇಳಿಕೊಂಡು ಬರುವುದಿಲ್ಲವಲ್ಲ.

ಮಗಳು ಹುಟ್ಟಿದಳು. ಬಾಣಂತಿ ಕೋಣೆಗೆ ಅವರು ಬಂದವರು ನನ್ನನ್ನು ಮಾತಾಡಿಸಲೂ ಇಲ್ಲ. ಕೂಸಿನ ಬಟ್ಟೆ ಬಿಚ್ಚಿ ಕೈಬೆರಳು, ಕಾಲ್ಬೆರಳು, ಕಿವಿ, ಬೆನ್ನು ನೋಡಿದರು. ಕಣ್ಣ ಮುಂದೆ ಬೆರಳಾಡಿಸಿದರು. ಕಿವಿಯ ಹತ್ತಿರ ಚಿಟಿಕೆ ಹೊಡೆದರು. ಕೂಸು ಬೆಚ್ಚಿ ಅತ್ತಿತು. ಅವರು ಅದನ್ನು ಮತ್ತೆ ಸುತ್ತಿ ನನ್ನ ಮಗ್ಗುಲಲ್ಲಿಟ್ಟು ಗೋಡೆಗೆ ಒರಗಿ ಕೂತರು.

"ಆಯ್ತು" ಎಂದರು. "ಇವತ್ತಿನಿಂದ ನಿನ್ನ ಹೆದ್ರಿಕೆ ನಿನಗೆ, ನನ್ನ ಹೆದ್ರಿಕೆ ನನಗೆ." ಹೊರಗೆ ಮೋಡ ಗುಡುಗಿತು. ಒರಳುಕಲ್ಲು ಎಲ್ಲಿದೆ ಎಂದು ಸುತ್ತ ನೋಡಿದರು.

ಕೆಲವು ವರ್ಷದ ಮೇಲೆ ನನಗೂ ನಮ್ಮ ಮನೆಯವರಿಗೂ ಚನ್ನಗಿರಿಗೆ ವರ್ಗವಾಯಿತು. ಬೇಸಿಗೆ ರಜೆಯಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಅವರು ಒಮ್ಮೆಯೂ ಬರಲಿಲ್ಲ. ಬಸ್ಸು.

ಅವರು ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಗೆ ಮಗಳನ್ನು ಕರೆದುಕೊಂಡು ಹೋದೆ. ಅಂಗಳದಲ್ಲಿ ಊಟದ ಪಂಕ್ತಿ ಕೂತಿತ್ತು. ಹಿತ್ತಲಿಗೆ ಹೋದೆ. ಅಲ್ಲಿ ಅವರ ತಮ್ಮ ಒಬ್ಬನೇ ನಿಂತಿದ್ದ. ತಲೆ ಬೆಳ್ಳಗಾಗಿತ್ತು. ಅಕ್ಕ ಹಾಸಿಗೆ ಹಿಡಿದ ಮೇಲೆ ಗಿಡಕ್ಕೆ ನೀರಿರಲಿಲ್ಲ, ಸತ್ತ ಮೇಲೆ ಯಾರೋ ಪಾತ್ರೆ ತೊಳೆದ ನೀರನ್ನೆಲ್ಲ ಅಲ್ಲಿಗೇ ಬಿಟ್ಟಿದ್ದರು. ಕೆಂಪಾದ ಹಣ್ಣೆಲ್ಲ ತೊಟ್ಟಿನ ಸುತ್ತ ಸೀಳಿಕೊಂಡಿದ್ದವು.

"ಅಕ್ಕ ಇದ್ದಿದ್ರೆ ಇಷ್ಟೊತ್ತಿಗೆ ಹಂಚಿ ಬರ್ತಿದ್ದಳು ಮೇಡಂ" ಎಂದ. "ನನ್ನ ಕೈಯಿಂದ ಈ ಓಣೀಲಿ ಯಾರೂ ಟಮಾಟಿ ಇಸ್ಕೊಳ್ಳಲ್ಲ. ಅವರದ್ದೇನೂ ತಪ್ಪಿಲ್ಲ ಬಿಡ್ರಿ."

ಬಟ್ಟೆ ಕಟ್ಟಿದ ಕೋಲಿದೆಯೇ ಎಂದು ನಾಲ್ಕೂ ಮೂಲೆ ನೋಡಿದೆ. ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿತ್ತು. ಮತ್ತೊಮ್ಮೆ ನೋಡಿದೆ. ಆಮೇಲೆ ಗೋಡೆಗೆ ಒರಗಿಸಿದ್ದ ಅವರ ಮೊರ ತೆಗೆದುಕೊಂಡು ಹಣ್ಣು ಕೀಳಲು ಶುರುಮಾಡಿದೆ. ಮಗಳೂ ಕಿತ್ತಳು. ಕೀಳುತ್ತ ಕೀಳುತ್ತ ಒಂದನ್ನು ಬಾಯಿಯ ಹತ್ತಿರ ಒಯ್ದಳು.

"ತಡೀ!"

ಪಂಕ್ತಿಯಲ್ಲಿ ಕೂತವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದ್ದೆ. ಮಗಳ ಕೈ ಅಲ್ಲೇ ನಿಂತಿತು. ಅವರ ತಮ್ಮ ತಲೆ ತಗ್ಗಿಸಿದ.

ಹಣ್ಣನ್ನು ಅವಳ ಕೈಯಿಂದ ತೆಗೆದುಕೊಂಡೆ. ಸೆರಗಿನಿಂದ ಒರೆಸಿ, ಒಡೆದ ಕಡೆಯಿಂದಲೇ ಕಚ್ಚಿ, ಅಗಿದು ನುಂಗಿದೆ. ನನ್ನ ಬೆರಳುಗಳನ್ನು ನೋಡುತ್ತ ನಿಂತೆ.

"ಏನಾಯ್ತಮ್ಮ? ಬೆರಳು ಯಾಕೆ ನೋಡ್ಕೊಳ್ತೀಯ?" ಎಂದಳು.

"ಏನಿಲ್ಲ. ಹುಳಿ ಐತೆ. ತಿನ್ನು" ಎಂದು ಉಳಿದ ಅರ್ಧವನ್ನು ಅವಳಿಗೆ ಕೊಟ್ಟೆ. ಮೊರ ಎತ್ತಿಕೊಂಡು ಓಣಿಗೆ ಇಳಿದು ದರ್ಜಿ ಮನೆಯ ಕದ ತಟ್ಟಿದೆ.